ಪಟ್ಟಿಗೆ ಹೋದವರು

ಕೆಂಭಾವಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಸಿಕ್ಕಿದ್ದಕ್ಕೆ ಪಂಚಶೀಲಾಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು ಸುರಪುರದ ಗುಡ್ಡ ಮರೆಯಾಗುವುದರೊಳಗೆ ಇವಳ ಊರು, ಗಂಡ, ಪಗಾರ ಮೂರನ್ನೂ ವಿಚಾರಿಸಿದಳು. ಊರು ಶಹಾಪುರ, ಗಂಡ ಇಲ್ಲ, ಪಗಾರ ಬರುತ್ತದೆ ಎಂಬ ಉತ್ತರ ಕೇಳಿ, ಇಂಥವಳ ಜೊತೆ ಮಾತು ಬೆಳೆಸಿ ಪ್ರಯೋಜನವಿಲ್ಲವೆಂದು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದಳು. ಪಂಚಶೀಲಾ ತಾನು ಡಾಕ್ಟರು ಎಂದು ಹೇಳಿದ್ದರೆ ಇಳಿಯುವವರೆಗೂ ಮೊಣಕಾಲು ನೋವಿನ ಪುರಾಣವಿರುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲೆಂದೇ ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಹೇಳಿದ್ದಳು. ಈಗ ಆ ಪುರಾಣವಾದರೂ ಇರಬಹುದಿತ್ತು ಅನ್ನಿಸಿತು. ಹೊರಗೆ ಕಾಲುವೆ ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ತೊಗರಿ. ಅವಳು ಬಾಯೊಳಗೇ ಒಂದು ಮಾತನ್ನು ಹೊರಳಿಸುತ್ತಿದ್ದಳು. ಯವ್ವಾ, ನೀವು ಬೆಂಗಳೂರಿಗೆ ಬರಬೇಕು. ಯವ್ವಾ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಯವ್ವಾ, ಹಣಮೇಶನ ವಿಷಯ ನಾಲ್ಕು ಜನರಿಗೆ ತಿಳಿದರೆ ಒಳ್ಳೆಯದು. ಹೇಗೆ ತಿರುಗಿಸಿ ಹೇಳಿದರೂ ಅದು ಮಗನನ್ನು ಕಳೆದುಕೊಂಡವಳನ್ನು ಪ್ರದರ್ಶನಕ್ಕೆ ಕರೆದಂತೆಯೇ ಕೇಳುತ್ತಿತ್ತು.

ರಾಜ್ಯದ ತುರ್ತುಚಿಕಿತ್ಸಾ ವೈದ್ಯರ ಸಂಘಕ್ಕೆ ಒಬ್ಬ ತಾಯಿ ಬೇಕಾಗಿದ್ದಳು. ಅಧ್ಯಕ್ಷರು ಬೆಂಗಳೂರಿನಿಂದ ಫೋನು ಮಾಡಿ ನಾಚಿಕೆಯಿಲ್ಲದೆ ಹಾಗೆಯೇ ಹೇಳಿದ್ದರು: "ಅಂಕಿಸಂಖ್ಯೆ ನಮ್ಮ ಹತ್ರ ಬೇಕಾದಷ್ಟಿದೆ ಡಾಕ್ಟರೇ, ಅದಕ್ಕೆ ಯಾವ ಶಾಸಕರೂ ಕರಗಲ್ಲ. ನಮಗೊಬ್ಬರು ತಾಯಿ ಬೇಕು." ಅವರು ಕೆಟ್ಟ ಮನುಷ್ಯರಲ್ಲ. ತಾಲೂಕು ತಾಲೂಕಿನಲ್ಲೂ ತುರ್ತುಚಿಕಿತ್ಸೆ ಕಲಿತ ವೈದ್ಯರು ಹಗಲೂ ರಾತ್ರಿ ಇರಲೇಬೇಕು, ಅದಕ್ಕೆ ಸರ್ಕಾರ ಕಾನೂನು ಮಾಡಿ ದುಡ್ಡನ್ನೂ ಕೊಡಬೇಕು ಎಂದು ವರ್ಷಗಳಿಂದ ವಿಧಾನಸೌಧದ ಮೆಟ್ಟಿಲು ಸವೆಸಿದವರು. ಈ ಸಲ ಅಧಿವೇಶನಕ್ಕೆ ಮೊದಲು ಶಾಸಕರನ್ನೆಲ್ಲ ಒಂದು ಸಭಾಂಗಣದಲ್ಲಿ ಸೇರಿಸುವುದು, ತಿಂಡಿ ಕೊಡುವುದು, ಒಬ್ಬ ತಾಯಿಯ ಬಾಯಿಂದ ಮಾತು ಕೇಳಿಸುವುದು ಎಂದು ನಿಶ್ಚಯವಾಗಿತ್ತು. ಅದರ ಖರ್ಚಿಗೆ ಪ್ರತಿ ಜಿಲ್ಲೆಯೂ ನಿಧಿ ಕೂಡಿಸಬೇಕಿತ್ತು. ಯಾದಗಿರಿ ಜಿಲ್ಲೆಯ ಮಟ್ಟಿಗೆ ಸಂಘದ ಪ್ರತಿನಿಧಿ, ಖಜಾಂಚಿ, ಸಾಮಾನ್ಯ ಸದಸ್ಯ ಎಲ್ಲವೂ ಪಂಚಶೀಲಾ ಒಬ್ಬಳೇ. ಒಬ್ಬಳೇ ಸಭೆ ಸೇರಿ ಒಬ್ಬಳೇ ಒಮ್ಮತಕ್ಕೆ ಬರುವ ಸಂಘ ಎಂದು ತನ್ನಷ್ಟಕ್ಕೆ ತಮಾಷೆ ಮಾಡಿಕೊಂಡು, ಅದಕ್ಕೆ ನಗಲು ಕೋಣೆಯಲ್ಲಿ ಯಾರೂ ಇಲ್ಲದ್ದರಿಂದ ಸುಮ್ಮನಾಗಿದ್ದಳು.

ನಿಧಿ ಎಂಬ ಮಾತು ಬೆಂಗಳೂರು ಬಿಟ್ಟು ಇಲ್ಲಿಗೆ ಬರುವಷ್ಟರಲ್ಲಿ ಪಟ್ಟಿಯಾಗಿತ್ತು. ನಾಲ್ಕು ಜನರ ಹತ್ತಿರ ದುಡ್ಡು ಕೂಡಿಸುವುದಕ್ಕೆ ಈ ಸೀಮೆಯಲ್ಲಿ ಇರುವ ಮಾತೇ ಅದು. ಗಣಪತಿಗೆ ಪಟ್ಟಿ, ಉರುಸಿಗೆ ಪಟ್ಟಿ, ಪುರಾಣಕ್ಕೆ ಪಟ್ಟಿ. ಶಹಾಪುರದ ಔಷಧದಂಗಡಿಯವನು ಇವಳು ಬಾಯಿ ತೆರೆಯುವ ಮೊದಲೇ ಯಾವ ಓಣಿ ಗಣಪತಿ ಮೇಡಂ ಎಂದು ಕೇಳಿ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ್ದ. ಗಣಪತಿಯಲ್ಲ, ಕಾನೂನು ಎಂದಾಗ ಆ ಕೈ ಖಾಲಿಯಾಗಿಯೇ ಹೊರಗೆ ಬಂತು. ಅವಳ ಅಪ್ಪ ಅಂಬ್ರಪ್ಪ ಮಾಸ್ತರು ಏಪ್ರಿಲ್ ಬಂತೆಂದರೆ ಬಾಬಾಸಾಹೇಬರ ಜಯಂತಿಗೆ ಪಟ್ಟಿ ಎತ್ತಲು ಹೊರಡುತ್ತಿದ್ದರು. ಕೈಹಿಡಿದು ಇವಳೂ ಹೋಗುತ್ತಿದ್ದಳು. ಕೆಲವು ಅಂಗಡಿಯವರು ನೋಟನ್ನು ಅಪ್ಪನ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಟ್ಟು ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದರು. ಅಪ್ಪ ಅದನ್ನು ಎತ್ತಿಕೊಂಡು, ಕೊಟ್ಟವನ ಬೆನ್ನಿಗೆ ಜೈಭೀಮ್ ಹೇಳುತ್ತಿದ್ದರು. ದೊಡ್ಡವಳಾದ ಮೇಲೆ ಯಾರ ಕಟ್ಟೆಯ ಮುಂದೆಯೂ ಹೀಗೆ ನಿಲ್ಲುವುದಿಲ್ಲ ಎಂದು ಆ ಹುಡುಗಿ ನಿಶ್ಚಯ ಮಾಡಿದ್ದಳು. ನಿಶ್ಚಯಕ್ಕೇನು, ಆ ವಯಸ್ಸಿನಲ್ಲಿ ಎಲ್ಲರೂ ಮಾಡುತ್ತಾರೆ. ಬಸ್ಸು ಯಾವುದೋ ಊರಿನ ಮುಂದೆ ನಿಂತು ಕುರಿಹಿಂಡಿಗೆ ದಾರಿ ಬಿಟ್ಟಿತು.

ಕುರಿ ದಾಟುವುದನ್ನು ನೋಡದೆ ಇರೋಣವೆಂದು ಅವಳು ಫೋನು ತೆಗೆದಳು. ಸಂಘದ ಗುಂಪಿನಲ್ಲಿ ಅವಳ ಹೆಸರಿನ ಕೆಳಗೆ ಚಪ್ಪಾಳೆಯ ಚಿತ್ರಗಳ ಸಾಲು ಇತ್ತು. ಯಾದಗಿರಿಯಂಥ ಜಿಲ್ಲೆಯಿಂದ, ಅದೂ ಒಬ್ಬ ಹೆಣ್ಣುಮಗಳು, ಎಂದು ಒಬ್ಬರು ಬರೆದಿದ್ದರು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಅವಳಿಗೆ ಫೋನು ಮಾಡಿದವರಲ್ಲ. ಹಣಮೇಶ ಸತ್ತ ದಿನ ಇವಳು ಯಾದಗಿರಿಯಲ್ಲಿ ಭಗವಂತರಾಯರ ಮನೆಯ ವರಾಂಡದಲ್ಲಿ ಕೂತಿದ್ದಳು. ಅವರು ಶಾಸಕರಲ್ಲ, ಶಾಸಕರನ್ನು ಕೂರಿಸುವ ಏಳಿಸುವ ಮುಖಂಡರು. ಪಟ್ಟಿಗೆ ಅವರ ಹೆಸರು ಮೊದಲು ಬಿದ್ದರೆ ಉಳಿದವರು ತಾವಾಗಿ ಕೊಡುತ್ತಾರೆ ಎಂದು ಎಲ್ಲರೂ ಹೇಳಿದ್ದರು. ರಜೆ ಹಾಕಿಯೇ ಹೋಗಿದ್ದಳು. ಇವಳದು ಶಹಾಪುರದ ಟ್ರಸ್ಟಿನ ಆಸ್ಪತ್ರೆ, ಅಲ್ಲಿ ಇವಳೊಬ್ಬಳೇ ತುರ್ತುವೈದ್ಯೆ. ರಜೆಯ ದಿನ ಅಲ್ಲಿ ಇರುವವರು ಹಲ್ಲಿನ ಡಾಕ್ಟರು ಮತ್ತು ನರ್ಸ್ ದಾನೇಶ್ವರಿ. ವರಾಂಡದಲ್ಲಿ ಕೂತವರಿಗೆಲ್ಲ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು, ಇವಳಿಗೆ ಕಾಗದದ ಕಪ್ಪಿನಲ್ಲಿ ಬಂತು. ಕಪ್ಪು ಸಾಲದೆ ಹೋಗಿತ್ತೋ, ಶಹಾಪುರದ ಅಂಬ್ರಪ್ಪ ಮಾಸ್ತರ ಮಗಳು ಎಂದು ಒಳಗೆ ಯಾರೋ ಹೇಳಿದ್ದರೋ. ಕೇಳುವಂತಿಲ್ಲ, ಕೇಳದೆ ಬಿಡುವಂತೆಯೂ ಇಲ್ಲ. ಆ ಕಾಗದದ ಕಪ್ಪಿನ ಅಂಚನ್ನು ಉಗುರಿನಿಂದ ಬಿಡಿಸುತ್ತ, ಇನ್ನೊಂದು ಕಪ್ಪು ಯಾರಿಗಾದರೂ ಕಾಗದದ್ದೇ ಬರುತ್ತದೆಯೇ ಎಂದು ಬಾಗಿಲು ನೋಡುತ್ತ ಅವಳು ಮಧ್ಯಾಹ್ನದವರೆಗೆ ಕಾದಳು. ಕೊನೆಗೆ ಭಗವಂತರಾಯರು ಹೊರಗೆ ಬಂದು, ಜನರೆದುರಿಗೆ ದೊಡ್ಡ ದನಿಯಲ್ಲಿ, "ಏ, ನಮ್ಮ ಡಾಕ್ಟರ್ ಬಾಯಿ ಪಟ್ಟಿಗಿ ಬಂದಾರ, ಮೊದಲ ಅವರದ ನೋಡ್ರಿ" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೊಟ್ಟರು, ಕೈಗೇ ಕೊಟ್ಟರು. ಅಷ್ಟು ಹೊತ್ತಿಗೆ ಇತ್ತ ಆಸ್ಪತ್ರೆಯ ಬೆಂಚಿನ ಮೇಲೆ ಹಣಮೇಶನ ತೊಡೆಯಿಂದ ರಕ್ತ ಹೋಗುತ್ತಲೇ ಇತ್ತು.

ಅವನು ಆಡಿನ ಮೇವಿಗೆಂದು ಜಾಲಿಯ ಟೊಂಗೆ ಕಡಿಯುತ್ತಿದ್ದ. ಕೊಡಲಿ ಜಾರಿ ತೊಡೆಗೆ ಬಿತ್ತು. ಇವಳಿದ್ದರೆ ಎರಡು ಬೆರಳು ಒಳಗಿಟ್ಟು, ರಕ್ತನಾಳ ಹಿಡಿದು, ಚಿಮ್ಮಟದಿಂದ ಕಚ್ಚಿಸಿ ಕಟ್ಟುತ್ತಿದ್ದಳು; ಅದು ಅವಳಿಗೆ ಬರುವ ಕೆಲಸ, ಅದಕ್ಕಾಗಿಯೇ ಕಲಿತದ್ದು. ಹಲ್ಲಿನ ಡಾಕ್ಟರು ಹತ್ತಿ ಒತ್ತಿ ಕಲಬುರಗಿಗೆ ಒಯ್ಯಿರಿ ಎಂದರು. ಗಾಡಿ ಬಾಗಿಲಲ್ಲೇ ನಿಂತಿತ್ತು. ಆದರೆ ತಾಯಿ ಒಪ್ಪಲಿಲ್ಲ. ಒಪ್ಪುವ ಹೊತ್ತಿಗೆ ತಡವಾಗಿ, ಜೇವರ್ಗಿ ದಾಟುವ ಮೊದಲೇ ಮುಗಿದಿತ್ತು. ದಾನೇಶ್ವರಿ ಇದನ್ನು ಹೇಳಿದಾಗ ಪಂಚಶೀಲಾಳೊಳಗೆ ಒಂದು ಹಗ್ಗ ಸಡಿಲಾದಂತಾಯಿತು. ತಾಯಿಯೇ ಒಯ್ಯಗೊಡಲಿಲ್ಲವಂತೆ. ಯಾಕೆ ಎಂದು ಆಗ ಕೇಳಲಿಲ್ಲ. ಹಳ್ಳಿಯವರು ಹೆದರುತ್ತಾರೆ, ಕಲಬುರಗಿ ಎಂದರೆ ಹೆಣ ಬರುವ ಊರು ಎಂದುಕೊಳ್ಳುತ್ತಾರೆ, ಇಂಥ ನೂರು ಕಾರಣ ಇರುತ್ತವೆ. ಒಯ್ಯಗೊಡಲಿಲ್ಲವಂತೆ ಎಂಬ ಮಾತನ್ನು ಅವಳು ಅಂದಿನಿಂದ ಹೊದಿಕೆಯ ಹಾಗೆ ಮೈಮೇಲೆ ಎಳೆದುಕೊಂಡೇ ಮಲಗುತ್ತಿದ್ದಳು. ಅಧ್ಯಕ್ಷರಿಗೆ ಪ್ರಕರಣ ಹೇಳುವಾಗ ಅಂದು ಆಸ್ಪತ್ರೆಯಲ್ಲಿ ತುರ್ತುವೈದ್ಯರಿರಲಿಲ್ಲ ಎಂದಳು. ಅದು ಸುಳ್ಳಲ್ಲ. ಇರಬೇಕಾದವಳು ಎಲ್ಲಿದ್ದಳು ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಹೇಳಿದ್ದರೆ ಸಂಘವೇ ನಗೆಪಾಟಲಾಗುತ್ತಿತ್ತು: ಆಸ್ಪತ್ರೆಯಲ್ಲಿ ಸದಾ ಡಾಕ್ಟರಿರಬೇಕು ಎಂದು ಕೇಳಲು ಹೋಗಿ ಆಸ್ಪತ್ರೆಯಲ್ಲಿ ಡಾಕ್ಟರೇ ಇಲ್ಲದ ಕಥೆ.

ಹಣಮೇಶನ ತಾಯಿ ಮರಿಲಿಂಗಮ್ಮನ ದೊಡ್ಡಿ ಕೆಂಭಾವಿಗೆ ಮೊದಲೇ, ರಸ್ತೆಯಿಂದ ಒಳಗೆ ಇತ್ತು. ಎಂಟ್ಹತ್ತು ಕುರುಬರ ಮನೆಗಳು, ಜಾಲಿಮುಳ್ಳಿನ ಬೇಲಿ, ಬೇಲಿಯೊಳಗೆ ಮರಿಗಳನ್ನು ಕೂಡಿದ ಬುಟ್ಟಿಗಳು. ಬಸ್ಸಿಳಿದು ನಡೆಯುವಾಗ ಪಂಚಶೀಲಾಳಿಗೆ ಬೈಸಿಕೊಳ್ಳುವ ಆಸೆಯಿತ್ತು. ಬೈದರೆ ಎದುರು ಏನು ಹೇಳಬೇಕೆಂದು ಗೊತ್ತಿತ್ತು, ತಲೆ ತಗ್ಗಿಸಿ ನಿಲ್ಲುವುದು ಅವಳಿಗೆ ರೂಢಿಯಿತ್ತು. ಆದರೆ ಮರಿಲಿಂಗಮ್ಮ ಬಾಗಿಲಲ್ಲೇ ಎದ್ದು ನಿಂತು, ಬರ್ರಿ ಬಾಯಿ ಎಂದು, ಕಂಬಳಿ ಹಾಸಿ, ತಂಬಿಗೆಯಲ್ಲಿ ನೀರು ಕೊಟ್ಟಳು. ಗಟ್ಟಿ ಮೈಯ, ಐವತ್ತರ ಆಸುಪಾಸಿನ ಹೆಂಗಸು. ಮಾತಾಡುವಾಗ ಮುಖ ನೋಡದೆ ಕೈ ನೋಡುತ್ತಾಳೆ. ಪಂಚಶೀಲಾಳ ಕಣ್ಣು ಅಭ್ಯಾಸದಂತೆ ತಂಬಿಗೆಯ ಮೇಲೆ ಹೋಯಿತು. ಇವಳು ಕುಡಿದಿಟ್ಟ ತಂಬಿಗೆಯನ್ನೇ ಎತ್ತಿ ಮರಿಲಿಂಗಮ್ಮ ತಾನೂ ಉಳಿದ ನೀರನ್ನು ಗಟಗಟ ಕುಡಿದಳು. ಅದನ್ನು ನೋಡಿ ಮನಸ್ಸಿಗೆ ಹಗುರಾಗುವ ಬದಲು, ತಾನು ಇಂಥ ಹೊತ್ತಿನಲ್ಲೂ ತಂಬಿಗೆ ನೋಡಿದೆನಲ್ಲ ಎಂದು ಪಂಚಶೀಲಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಕರೆಯುವ ಮಾತನ್ನು ಆಡುವ ಕಷ್ಟವೇ ಬೀಳಲಿಲ್ಲ. ದಾನೇಶ್ವರಿ ಫೋನಿನಲ್ಲಿ ಎಲ್ಲ ಹೇಳಿದ್ದಳಂತೆ. ಮರಿಲಿಂಗಮ್ಮ ಇಳಕಲ್ ಸೀರೆ ಒಗೆದು ಒಣಹಾಕಿದ್ದಳು, ಕುರಿ ಕಾಯಲು ತಮ್ಮನಿಗೆ ಹೇಳಿಟ್ಟಿದ್ದಳು, ಬೆಂಗಳೂರಿನಲ್ಲಿ ಚಳಿಯೋ ಸೆಕೆಯೋ ಎಂದಷ್ಟೇ ಕೇಳಿದಳು. ಹಣಮೇಶನ ಹೆಸರನ್ನು ಅಲ್ಲಿ ಯಾರಾದರೂ ಬರೆದುಕೊಳ್ಳುತ್ತಾರೆಯೇ ಎಂದು ಕೇಳಿದಳು. ಬರೆದುಕೊಳ್ಳುತ್ತಾರೆ ಎಂದಳು ಪಂಚಶೀಲಾ. ಅಲ್ಲಿ ಏನು ಹೇಳಬೇಕೆಂದು ಕಲಿಸಿಕೊಡುವ ಕೆಲಸ ಮಾತ್ರ ಉಳಿದಿತ್ತು. ಅಧ್ಯಕ್ಷರು ಅದನ್ನೂ ಹೇಳಿ ಕಳಿಸಿದ್ದರು, ಉದ್ದ ಬೇಡ, ಡಾಕ್ಟರ್ ಇರಲಿಲ್ಲ ಎಂಬ ಒಂದು ಮಾತು ಬಂದರೆ ಸಾಕು ಎಂದು. ಆ ಮಾತನ್ನು ಈ ಹೆಂಗಸಿನ ಬಾಯಿಗೆ ಹೇಗೆ ಹಾಕುವುದು ಎಂದು ಯೋಚಿಸುತ್ತಿರುವಾಗಲೇ ಅವಳೇ ಅದನ್ನು ಎತ್ತಿದಳು.

"ನಮ್ಮ ಮಂದಿ ಎಲ್ಲ ಡಾಕ್ಟರ್ ಇರಲಿಲ್ಲ, ಡಾಕ್ಟರ್ ಇರಲಿಲ್ಲ ಅಂತ ನಿಮಗ ಬೈತಾರ," ಎಂದಳು ಮರಿಲಿಂಗಮ್ಮ, ತನ್ನ ಕೈ ನೋಡಿಕೊಳ್ಳುತ್ತ. "ನಾ ಬೈಯಗೊಡಂಗಿಲ್ಲ. ಅಲ್ಲೂ ಹೇಳ್ತೀನಿ. ಬಾಯಿ ಪಟ್ಟಿಗಿ ಹೋಗಿದ್ರು ಅಂತ ಹೇಳ್ತೀನಿ."

ಪಂಚಶೀಲಾ ತಲೆ ಎತ್ತಿ ನೋಡಿದಳು. ಹಾಗಾದರೆ ಇವಳಿಗೆ ಗೊತ್ತು. ಊರಿಗೆಲ್ಲ ಗೊತ್ತಿರಬೇಕು. ಗೊತ್ತಿದ್ದೂ ಕಂಬಳಿ ಹಾಸಿದಳೇ, ಒಂದೇ ತಂಬಿಗೆಯ ನೀರು ಕುಡಿದಳೇ. ಕ್ಷಮೆ ಕೇಳುವ ಮಾತು ಗಂಟಲಿಗೆ ಬಂತು. ಎಷ್ಟೋ ತಿಂಗಳಿಂದ ಹೊತ್ತದ್ದನ್ನು ಈ ಅಂಗಳದಲ್ಲೇ ಇಳಿಸಿ ಹೋಗಬಹುದು ಅನ್ನಿಸಿ ಒಂದು ಗಳಿಗೆ ಅವಳಿಗೆ ಅಳುವಷ್ಟು ಸುಖವಾಯಿತು. ಅಷ್ಟರಲ್ಲಿ ಮರಿಲಿಂಗಮ್ಮ ಮುಂದುವರಿಸಿದಳು.

"ಆ ಖಾಜಾಹುಸೇನ ಇದ್ದಾನಲ್ರಿ, ನಿಮ್ಮ ಬಾಗಿಲದಾಗ ಕುಂಡ್ರಾಂವ, ಅಂವ ಹೇಳಿದ. ಬಾಯಿ ಪಟ್ಟಿಗಿ ಯಾದಗಿರಿಗಿ ಹೋಗ್ಯಾರ, ಮಧ್ಯಾಹ್ನಕ್ಕ ಬರ್ತಾರ ಅಂದ. ದವಾಖಾನ್ಯಾಗ ಪಟ್ಟಿ ತೀರಿದ್ದಾವ ಕಾಣ್ತದ ಅನಕೊಂಡೆ. ಅವರು ಹತ್ತಿ ಇಡತಿದ್ರು, ಅದು ತೊಯ್ದು ಹೋಗತಿತ್ತು. ಗಾಡಿ ಹತ್ತು, ಕಲಬುರಗಿಗಿ ಹೋಗು ಅಂದ್ರು ಎಲ್ಲರೂ. ನಮ್ಮ ಸಲುವಾಗಿ ಪಟ್ಟಿ ತರಾಕ ಒಬ್ಬರು ಅಷ್ಟು ದೂರ ಹೋಗ್ಯಾರ ಅಂದಮ್ಯಾಲ, ಅವರು ಬರೂದರಾಗ ನಾ ಎದ್ದು ಹೋದ್ರ ಹೆಂಗ್ರಿ? ಹಣಮ್ಯಾಗೂ ಅದನ್ನ ಹೇಳಿದೆ. ತಡಿ ಅಪ್ಪಾ, ಪಟ್ಟಿ ಬರ್ತದ ಅಂದೆ. ಅಂವ ಹೂಂ ಅಂದ."

ಬುಟ್ಟಿಯೊಳಗೆ ಒಂದು ಮರಿ ಕೂಗಿತು. ಮರಿಲಿಂಗಮ್ಮ ಎದ್ದು ಬುಟ್ಟಿ ಓರೆ ಮಾಡಿ ಗಾಳಿ ಬಿಟ್ಟು ಬಂದು ಕೂತಳು. ಬಸ್ಸು ತಡವಾಗಿರಬೇಕು, ಯಾದಗಿರಿ ಬಸ್ಸಿನ ಹಣೆಬರಹವೇ ಅಷ್ಟು, ಅದಕ್ಕೆ ನೀವು ಏನು ಮಾಡುತ್ತೀರಿ ಎಂದು ಅವಳೇ ಸಮಾಧಾನ ಹೇಳಿದಳು. ಪಂಚಶೀಲಾ ಕೇಳುತ್ತಿದ್ದಳು, ಆದರೆ ಮಾತು ದೂರದ ಮನೆಯಲ್ಲಿ ಯಾರೋ ಆಡುತ್ತಿದ್ದ ಹಾಗಿತ್ತು. ಒಯ್ಯಗೊಡಲಿಲ್ಲವಂತೆ. ಎಷ್ಟು ಚಂದದ ಹೊದಿಕೆ ಅದು. ಮಗನನ್ನು ಒಯ್ಯಗೊಡದೆ ಇವಳು ಕೂತಿದ್ದು ಹೆದರಿ ಅಲ್ಲ, ತಿಳಿವಳಿಕೆಯಿಲ್ಲದೆ ಅಲ್ಲ. ತನಗಾಗಿ ಹೋದವರ ಶ್ರಮಕ್ಕೆ ಅಗೌರವ ಆಗಬಾರದೆಂದು. ಖಾಜಾಹುಸೇನನನ್ನು ಹೇಗೆ ಬೈಯುವುದು, ಅವನು ನಿಜವನ್ನೇ ಹೇಳಿದ್ದ. ಈ ಸೀಮೆಯವರೆಲ್ಲ ಆಡುವ ಮಾತನ್ನೇ ಆಡಿದ್ದ. ಪೇಟೆಯ ಕಟ್ಟೆಯ ಮೇಲೆ ಆಡಿದ್ದರೆ ಯಾರಿಗೂ ತಪ್ಪು ತಿಳಿಯುತ್ತಿರಲಿಲ್ಲ. ರಕ್ತ ಸೋರುವ ಕಾಲನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಆಸ್ಪತ್ರೆಯ ಬಾಗಿಲಲ್ಲಿ ಪಟ್ಟಿ ಎಂದರೆ ಗಾಯಕ್ಕೆ ಕಟ್ಟುವ ಬಟ್ಟೆ ಬಿಟ್ಟು ಇನ್ನೇನು ಕೇಳಿಸೀತು.

ಈಗ ಸತ್ಯ ಹೇಳಬಹುದಿತ್ತು. ಯವ್ವಾ, ನಾನು ಆ ಪಟ್ಟಿಗೆ ಹೋಗಿರಲಿಲ್ಲ ಎಂದರೆ ಮುಗಿಯಿತು, ತನ್ನ ಎದೆ ಹಗುರಾಗುತ್ತದೆ. ಆದರೆ ಆ ಭಾರ ಎಲ್ಲಿಗೆ ಹೋಗುತ್ತದೆ. ಇವಳ ಮೇಲೆ ಹೋಗುತ್ತದೆ. ತಡಿ ಅಪ್ಪಾ ಎಂದು ಮಗನನ್ನು ತಾನೇ ತಡೆದು ಕೂರಿಸಿದ್ದು ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡು ಎಂದು ಇವಳು ಉಳಿದ ಜನ್ಮವೆಲ್ಲ ತಿಳಿದುಕೊಂಡು ಬದುಕಬೇಕಾಗುತ್ತದೆ. ಮತ್ತೆ ಹೇಳದೆಯೂ ಕರೆದೊಯ್ಯುವಂತಿಲ್ಲ. ಸಭಾಂಗಣದ ಮೊದಲ ಸಾಲಿನಲ್ಲಿ ಭಗವಂತರಾಯರು ಕೂತಿರುತ್ತಾರೆ, ಅವರನ್ನು ಕರೆಸಲೆಂದೇ ಸಂಘ ಅಷ್ಟು ಒದ್ದಾಡಿದೆ. ಬಾಯಿ ಪಟ್ಟಿಗೆ ಹೋಗಿದ್ದರು ಎಂದು ಇವಳು ಮೈಕಿನ ಮುಂದೆ ಹೇಳಿದ ಕೂಡಲೇ ಅವರಿಗೆ ತಿಳಿಯುತ್ತದೆ. ಅವರು ಪಕ್ಕದವರಿಗೆ ಹೇಳುತ್ತಾರೆ, ನಮ್ಮ ಮನೆಗೇ ಬಂದಿದ್ದಳಲ್ಲ ಎಂದು. ಸಾಲಿನಿಂದ ಸಾಲಿಗೆ ಅದು ದಾಟುತ್ತದೆ. ಯಾಕೆ ನಗುತ್ತಿದ್ದಾರೆ ಎಂದು ಇವಳು ತನ್ನ ಕಡೆ ತಿರುಗಿ ನೋಡುತ್ತಾಳೆ. ಆ ನೋಟವನ್ನು ಪಂಚಶೀಲಾ ಈಗಲೇ ಕಂಡಳು, ಇದೇ ಕಂಬಳಿಯ ಮೇಲೆ ಕೂತು. ಆ ಮಾತಿನ ಎರಡೂ ಬದಿ ಗೊತ್ತಿರುವವಳು ಲೋಕದಲ್ಲಿ ತಾನೊಬ್ಬಳೇ, ಇನ್ನು ಮುಂದೆಯೂ ಒಬ್ಬಳೇ ಇರಬೇಕು.

ಅಧ್ಯಕ್ಷರ ಫೋನು ಬಂತು. ಅವಳು ಎದ್ದು ಬೇಲಿಯ ಆಚೆ ಹೋದಳು. ತಾಯಿ ಒಪ್ಪಿದರೇ ಎಂದು ಅವರು ಕೇಳಿದರು. ದನಿಯಲ್ಲಿ ಆತುರ, ಹಿಂದೆ ಯಾರೋ ತಿಂಡಿಯ ಲೆಕ್ಕ ಹೇಳುತ್ತಿದ್ದರು. ಇಲ್ಲ ಸರ್, ಬರುವುದಿಲ್ಲವಂತೆ ಎಂದಳು. ಅವರು, ಇನ್ನೊಮ್ಮೆ ಕೇಳಿ ನೋಡಿ, ಇವರಿಲ್ಲದೆ ಕಾರ್ಯಕ್ರಮ ಸಪ್ಪೆಯಾಗುತ್ತದೆ, ಕಾನೂನು ಇನ್ನೂ ಎರಡು ವರ್ಷ ಹಿಂದೆ ಬೀಳುತ್ತದೆ ಎಂದರು. ಹಾಗೆ ಆಗಲೂಬಹುದು, ಅವರು ಸುಮ್ಮಸುಮ್ಮನೆ ಹೆದರಿಸುವವರಲ್ಲ. ಎರಡು ವರ್ಷದಲ್ಲಿ ಎಷ್ಟು ಜನ ಜೇವರ್ಗಿ ದಾಟದೆ ಹೋಗುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಇವಳಿಗೆ ಗೊತ್ತಿತ್ತು. ಅದನ್ನು ತಿಳಿದೇ ಇನ್ನೊಮ್ಮೆ ಇಲ್ಲ ಎಂದಳು. ಬೇರೆ ಯಾವುದಾದರೂ ಕೇಸು ಇದೆಯೇ ನಿಮ್ಮ ಕಡೆ ಎಂದು ಕೇಳಿದರು. ಅದಕ್ಕೂ ಇಲ್ಲ ಎಂದಳು. ಸರಿ, ಬೇರೆ ಜಿಲ್ಲೆ ನೋಡುತ್ತೇವೆ ಎಂದು ಅವರು ಫೋನು ಇಟ್ಟರು. ಇನ್ನು ಗುಂಪಿನಲ್ಲಿ ಚಪ್ಪಾಳೆ ಬರುವುದಿಲ್ಲ. ಅವಳು ಬೇಲಿಯ ಮುಳ್ಳಿಗೆ ಸಿಕ್ಕಿದ್ದ ಉಣ್ಣೆಯನ್ನು ಬಿಡಿಸುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಳು.

ವಾಪಸು ಬಂದು ಸುಳ್ಳು ಹೇಳಿದಳು. ಬೆಂಗಳೂರಿನ ಸಭೆ ರದ್ದಾಯಿತು ಯವ್ವಾ, ಈಗ ತಾನೇ ಫೋನು ಬಂತು, ನೀವು ಬರುವ ಕಾರಣವಿಲ್ಲ ಎಂದಳು. ಮರಿಲಿಂಗಮ್ಮ ಎದ್ದು ಹೋಗಿ ಹಗ್ಗದ ಮೇಲಿನ ಇಳಕಲ್ ಸೀರೆಯನ್ನು ತೆಗೆದು, ಇನ್ನೂ ಹಸಿ ಇದ್ದದ್ದನ್ನೇ ಮಡಿಚತೊಡಗಿದಳು. ಅಷ್ಟು ದೊಡ್ಡ ಸೀರೆಯನ್ನು ಒಬ್ಬಳೇ ಮಡಿಚಲು ಆಗುತ್ತಿರಲಿಲ್ಲ. ಪಂಚಶೀಲಾ ಎದ್ದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಒಬ್ಬರ ಕಡೆಗೊಬ್ಬರು ನಡೆದು ಅಂಚಿಗೆ ಅಂಚು ಕೂಡಿಸಿದರು.

"ಹಂಗಾರ ಅವನ ಹೆಸರ ಅಲ್ಲಿ ಯಾರೂ ಹೇಳಂಗಿಲ್ಲ," ಎಂದಳು ಮರಿಲಿಂಗಮ್ಮ.

"ಇಲ್ರಿ ಯವ್ವಾ."

ಸೀರೆಯನ್ನು ಎದೆಗೆ ಹಿಡಿದುಕೊಂಡು ಮರಿಲಿಂಗಮ್ಮ ಮೊದಲ ಸಲ ಕೈ ನೋಡುವುದನ್ನು ಬಿಟ್ಟು ಪಂಚಶೀಲಾಳ ಮುಖ ನೋಡಿದಳು. ಕೇಳಲೋ ಬೇಡವೋ ಎಂದು ಬಹಳ ದಿನದಿಂದ ಒಳಗೇ ಇಟ್ಟುಕೊಂಡದ್ದನ್ನು ಕೇಳುವ ಹಾಗಿತ್ತು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವತ್ತ ನಿಮಗ ಪಟ್ಟಿ ಸಿಕ್ತೇನ್ರಿ?"

ಭಗವಂತರಾಯರು ಕೊಟ್ಟದ್ದು, ಕೈಗೇ ಕೊಟ್ಟದ್ದು, ಅಂಗೈಗೆ ಇನ್ನೂ ತಾಕುತ್ತಿತ್ತು.

"ಸಿಕ್ತು," ಎಂದಳು ಪಂಚಶೀಲಾ.

ಮರಿಲಿಂಗಮ್ಮನ ಮುಖದಲ್ಲಿ ಏನೋ ಒಂದು ನೆಲೆಗೆ ಬಂದು ನಿಂತಿತು.

"ಹೋಗ್ಲಿ ಬಿಡ್ರಿ. ವ್ಯರ್ಥ ಹೋಗಲಿಲ್ಲ. ಆಮ್ಯಾಲ ಬಂದವರಿಗಿ ಯಾರಿಗರೆ ಕಟ್ಟಿರ್ತೀರಿ."

ಪಂಚಶೀಲಾ ಹೂಂ ಎಂದಳು.